ಚೌಕಾಸಿ ಯಾರ ಹತ್ತಿರ?

ನಮ್ಮಪ್ಪ ಬದುಕಿನಲ್ಲಿ ಮೊದಲ ಸಲ ಚೌಕಾಸಿ ಮಾಡಿದ್ದು ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ. ಊರಿನ ಅಂಗಡಿಯ ಮುಂದೆ ಅವನು ದೂರ ನಿಲ್ಲಬೇಕಿತ್ತು. ದುಡ್ಡನ್ನು ಜಗಲಿಯ ಮೇಲಿಡಬೇಕಿತ್ತು. ಅಂಗಡಿಯವನು ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಂಡು, ಉಪ್ಪು ಮೆಣಸಿನಕಾಯನ್ನು ಮೇಲಿನಿಂದ ಟವಲಿಗೆ ಸುರಿಯುತ್ತಿದ್ದ. ತೂಕ ಎಷ್ಟು, ದರ ಎಷ್ಟು ಅಂತ ಕೇಳುವ ಹಾಗಿರಲಿಲ್ಲ. ಕೊಟ್ಟಷ್ಟೇ ತೂಕ, ಹೇಳಿದ್ದೇ ದರ.

1970ರ ದಶಕದಲ್ಲಿ ಕೂಲಿಗೆಂದು ಬೆಂಗಳೂರಿಗೆ ಬಂದಾಗ ಮಾರ್ಕೆಟ್ಟಿನ ಫುಟ್‌ಪಾತಿನವನೊಬ್ಬ ಅವನನ್ನು ‘ಬನ್ನಿ ಯಜಮಾನ್ರೇ’ ಅಂತ ಕರೆದನಂತೆ. ಜಾತಿ ಕೇಳಲಿಲ್ಲ. ಅಪ್ಪ ಟವಲನ್ನು ಮುಟ್ಟಿ ನೋಡಿದ, ತಿರುವಿ ನೋಡಿದ, ‘ಜಾಸ್ತಿಯಾಯ್ತು, ಕಮ್ಮಿ ಮಾಡ್ಕೊಳ್ಳಿ’ ಅಂದ. ಎಂಟಾಣೆ ಇಳಿಯಿತು. ಆ ಎಂಟಾಣೆಯ ಕಥೆಯನ್ನು ಸಾಯೋವರೆಗೂ ಹೇಳುತ್ತಿದ್ದ.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ‘ಅಂಗಡಿ’ ಅನ್ನುವ ಮಾತಿದೆ. ಜಾತಿಯ ಕಾರಣಕ್ಕೆ ಯಾರನ್ನೂ ಅಂಗಡಿಯಿಂದ, ಹೋಟೆಲಿನಿಂದ, ಬಾವಿ ಕೆರೆಯಿಂದ ಹೊರಗಿಡಬಾರದು ಅನ್ನುತ್ತದೆ ಅದು. ಅಂಗಡಿಗೆ ಹೋಗಿ ಉಪ್ಪು ಕೊಳ್ಳುವುದನ್ನೂ ಸಂವಿಧಾನದಲ್ಲಿ ಬರೆದು ಕೊಡಬೇಕಾದ ದೇಶ ನಮ್ಮದು. ಆದ್ದರಿಂದ ‘ಎಷ್ಟು?’ ಅಂತ ಕೇಳುವುದು ನಮ್ಮ ಜನಕ್ಕೆ ಸಣ್ಣ ಮಾತಲ್ಲ.

ಈಗ ನನ್ನ ಕಥೆ ಕೇಳಿ. ನಾನು ಮೇಷ್ಟ್ರು, ತಿಂಗಳ ಸಂಬಳದವನು. ಹೋದ ವರ್ಷ ಮಗಳಿಗೆ ಸೀರೆ ಕೊಡಿಸಲು ಬೆಂಗಳೂರಿನ ಇಂದಿರಾನಗರದ ಒಂದು ಬೊಟಿಕ್‌ಗೆ ಹೋದೆವು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಮೆತ್ತಗಿನ ಮಾತು. ಇಳಕಲ್ ಸೀರೆಯೊಂದಕ್ಕೆ ದಾರದಲ್ಲಿ ಚೀಟಿ ಕಟ್ಟಿದ್ದರು. ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಕೈಮಗ್ಗದಲ್ಲಿ ಹೇಗೆ ನೇಯುತ್ತಾರೆ ಅನ್ನುವ ಕಥೆ ಅದರಲ್ಲಿತ್ತು. ಕಥೆಯ ಕೆಳಗೆ ಬೆಲೆ. ನೇಯ್ದವನಿಗೆ ಅದರಲ್ಲಿ ಎಷ್ಟು ಸಿಕ್ಕಿತು ಅನ್ನುವುದು ಮಾತ್ರ ಚೀಟಿಯಲ್ಲಿರಲಿಲ್ಲ. ನಾನೂ ಕೇಳಲಿಲ್ಲ. ‘ಕಮ್ಮಿ ಮಾಡ್ಕೊಳ್ಳಿ’ ಅನ್ನಲು ಬಾಯಿ ಬರಲಿಲ್ಲ. ಕೇಳಿದರೆ ಹಳ್ಳಿಗಮಾರ ಅಂದುಕೊಂಡಾರು ಅನ್ನುವ ಅಳುಕು. ತೆತ್ತು ಬಂದೆ.

ಸಂಜೆ ಕೆ.ಆರ್. ಮಾರ್ಕೆಟ್ಟಿನ ಹೊರಗೆ ಒಬ್ಬ ಮುದುಕಿ ಹೂವು ಮಾರುತ್ತಿದ್ದಳು. ಹೂವಿಗೆ ತಕ್ಕಡಿ ಬೇಡ, ಮೊಳವೇ ಅಳತೆ. ಅವಳ ಮೊಳಕೈಯೇ ಅವಳ ಅಳತೆಗೋಲು. ‘ಮೊಳ ಐವತ್ತು’ ಅಂದಳು. ‘ಮೂವತ್ತಕ್ಕೆ ಕೊಡವ್ವ’ ಅಂದೆ. ಎರಡು ಹೆಜ್ಜೆ ಮುಂದೆ ಹೋದ ಹಾಗೆ ಮಾಡಿದೆ. ‘ತಗೊಳ್ಳಿ ಸಾಮಿ, ಹೊತ್ತಾಯ್ತು, ಬಾಡೋಗ್ತದೆ’ ಅಂದಳು. ಗೆದ್ದೆ ಅಂದುಕೊಂಡೆ. ಮಗಳು ಕೇಳಿದಳು: ‘ಅಪ್ಪಾ, ಬೆಳಿಗ್ಗೆ ಆ ಅಂಗಡೀಲಿ ಯಾಕೆ ಬಾಯಿ ಬಿಡ್ಲಿಲ್ಲ?’

ಗೆಳೆಯರೇ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇಪ್ಪತ್ತು ರೂಪಾಯಿ ಇಳಿಸಿದ್ದು ನನ್ನ ಜಾಣತನವೇ? ಸಂಜೆಗೆ ಹೂವು ಬಾಡುತ್ತದೆ, ಅಷ್ಟೇ. ಬೊಟಿಕ್‌ನ ಸೀರೆ ಬಾಡುವುದಿಲ್ಲ. ಅದು ನಾಳೆಯ ಗಿರಾಕಿಗಾಗಿ ಕಾಯಬಲ್ಲದು. ‘ಆಗಲ್ಲ, ಹೋಗಿ’ ಅನ್ನುವ ತಾಕತ್ತು ಅದಕ್ಕಿದೆ. ಬೆಳಿಗ್ಗೆ ಸಾಲ ತಂದು ಹೂವು ಕೊಂಡವಳು ಸಂಜೆ ಬಡ್ಡಿ ಸಮೇತ ತೀರಿಸಬೇಕು. ಅವಳು ‘ಆಗಲ್ಲ’ ಅನ್ನುವುದು ಹೇಗೆ?

ಕಾಗದದ ಮೇಲೆ ಅವಳಿಗೂ ಹಕ್ಕಿದೆ. ಬೀದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನ ಕೊಟ್ಟ ಹಕ್ಕೇ, ಸರ್ಕಾರ ಅದಕ್ಕೆ ನ್ಯಾಯವಾದ ಕಟ್ಟುಪಾಡು ಹಾಕಬಹುದು ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತು. 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆ ಬಂತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು ಅನ್ನುತ್ತದೆ ಕಾಯಿದೆ. ಆದರೂ ಲಾರಿ ಕಂಡರೆ ಬುಟ್ಟಿ ಎತ್ತಿಕೊಂಡು ಓಡುವ ಭಯ ಬೀದಿಯಲ್ಲಿ ಹೋಗಿಲ್ಲ.

‘ಅವರೇನು ಸಾಚಾನಾ? ಚೌಕಾಸಿ ಮಾಡ್ತಾರೆ ಅಂತಲೇ ದರ ಏರಿಸಿ ಹೇಳ್ತಾರೆ’ ಅನ್ನುವವರಿದ್ದಾರೆ. ಹೌದು, ಹೇಳುತ್ತಾರೆ. ಚೌಕಾಸಿಯೇ ತಪ್ಪು ಅಂತ ನಾನೂ ಅನ್ನುವುದಿಲ್ಲ. ಭಾನುವಾರದ ಸಂಡೇ ಬಜಾರಿನಲ್ಲಿ ಹಳೇ ಪ್ಯಾಂಟಿಗೆ ಗಾರೆ ಕೆಲಸದವನು ಹತ್ತು ರೂಪಾಯಿಗೆ ಎಳೆದಾಡುತ್ತಾನೆ. ಮಾರುವವನೂ ಎಳೆದಾಡುತ್ತಾನೆ. ಇಬ್ಬರ ಜೇಬೂ ಒಂದೇ, ಇಬ್ಬರಿಗೂ ‘ಬೇಡ’ ಅನ್ನುವ ಬಾಯಿದೆ. ಅದು ಸರೀಕರ ಮಾತುಕತೆ. ನನ್ನಪ್ಪನ ಎಂಟಾಣೆಯೂ ಅಂಥದ್ದೇ. ನನ್ನ ಇಪ್ಪತ್ತು ರೂಪಾಯಿ ಮಾತ್ರ ಹಾಗಲ್ಲ. ಅದು ಗಾಜಿನ ಬಾಗಿಲ ಮುಂದೆ ಬಗ್ಗಿ, ಬುಟ್ಟಿಯ ಮುಂದೆ ಸೆಟೆದು ನಿಂತವನ ದುಡ್ಡು. ಊರಿನ ಅಂಗಡಿಯವನು ಅಪ್ಪನಿಗೆ ಮಾಡಿದ್ದೂ ಇದೇ ಅಲ್ಲವೇ? ಎದುರಿಗಿದ್ದವನು ಇಲ್ಲ ಅನ್ನಲಾರ ಅನ್ನುವ ಧೈರ್ಯದ ಮೇಲೆ ದರ ಕಟ್ಟಿದ್ದು.

ಹಾಗಂತ ಕನಿಕರದಿಂದ ನೂರು ರೂಪಾಯಿ ಎಸೆದು ಬರುವುದೂ ಬೇಡ. ಅವಳು ಮಾರುವುದು ಹೂವು, ದೈನ್ಯವನ್ನಲ್ಲ. ನಾನು ನನಗೆ ಹಾಕಿಕೊಂಡ ಲೆಕ್ಕ ಇಷ್ಟೇ: ಯಾರ ಹತ್ತಿರ ‘ಆಗಲ್ಲ’ ಅನ್ನುವ ಬಲವಿದೆಯೋ ಅವರ ಹತ್ತಿರ ಗಟ್ಟಿಯಾಗಿ ಕೇಳುವುದು, ನೇಯ್ದವನಿಗೆಷ್ಟು ಕೊಟ್ಟಿರಿ ಅಂತಲೂ ಕೇಳುವುದು. ಯಾರಿಗೆ ಆ ಬಲವಿಲ್ಲವೋ ಅವರು ಹೇಳಿದ ದರವನ್ನು ಬೊಟಿಕ್‌ನ ಚೀಟಿಯ ಹಾಗೇ ಓದಿಕೊಳ್ಳುವುದು. ಬೇಕಿದ್ದರೆ ಕೊಳ್ಳುವುದು, ಬೇಡದಿದ್ದರೆ ಬಿಡುವುದು.

ಮುಂದಿನ ಸಲ ಹೋದಾಗ ಆ ಮುದುಕಿ ಕುಳಿತಿದ್ದ ಜಾಗದಲ್ಲಿ ಬೇರೆ ಯಾರೋ ಇದ್ದರು. ಇಪ್ಪತ್ತು ರೂಪಾಯಿ ಇನ್ನೂ ನನ್ನ ಹತ್ತಿರವೇ ಇದೆ.