ಮರೆ ಮತ್ತು ಹೊರೆ

ಬೆಟ್ಟದ ತಪ್ಪಲಲ್ಲಿ ಎರಡು ರಾತ್ರಿ ಡೇರೆ ಹಾಕಿ ಉಳಿಯುವುದೆಂದರೆ ನಮಗೆ ಹೆಂಗಸರಿಗೆ ಹಾವು, ಚಿರತೆಗಳ ಭಯ ಆಮೇಲಿನದು. ಮೊದಲನೆಯದು ಬೆಳಗಿನ ‘ಹೊರಕಡೆ’ಯ ಚಿಂತೆ. ಅದಕ್ಕೆ ಹೆದರಿ ಹಿಂದಿನ ಸಂಜೆಯಿಂದಲೇ ನೀರು ಮುಟ್ಟದವರಿದ್ದಾರೆ. ಹೀಗೆ ಉರಿಮೂತ್ರ ತಂದುಕೊಳ್ಳುವುದನ್ನು ಮರ್ಯಾದೆ ಎಂದು ನಾನಂತೂ ಕರೆಯಲಾರೆ.

ಈಗ ಮಡಚಿ ಒಯ್ಯುವ ಮರೆ-ಡೇರೆಗಳು ಸಿಗುತ್ತವೆ. ಬಟ್ಟೆ ದಪ್ಪಗೆ, ಕಡುಬಣ್ಣದ್ದಾಗಿರಲಿ. ತೆಳುವಾದರೆ ರಾತ್ರಿ ಒಳಗೆ ಟಾರ್ಚ್ ಹಚ್ಚಿದೊಡನೆ ತೊಗಲುಬೊಂಬೆಯಾಟ ಶುರು! ನಿಂತು ಸೀರೆ ಸರಿಪಡಿಸಿಕೊಳ್ಳುವಷ್ಟು ಎತ್ತರ, ಗಾಳಿಗೆ ಹಾರದಂತೆ ಗೂಟ, ಒಳಗಿನಿಂದ ಎಳೆಯುವ ಜಿಪ್ಪು ಇದ್ದರೆ ಸಾಕು.

ನನ್ನನ್ನು ಕಾಡುವುದು ಅದರೊಳಗಿಡುವ ಪೆಟ್ಟಿಗೆ. 20 ಲೀಟರಿನ ತೊಟ್ಟಿ ತುಂಬಿದರೆ 20 ಕಿಲೋ ಭಾರ. ಹೊತ್ತು ಚೆಲ್ಲುವವರು ಯಾರು? “ಅದರ ಯೋಚನೆ ಬಿಡಿ ಮೇಡಂ, ಹುಡುಗರಿದ್ದಾರೆ” ಎನ್ನುತ್ತಾರೆ ಪ್ರವಾಸ ಕರೆದೊಯ್ಯುವವರು. ಆ ಹುಡುಗರು ಯಾವ ಕೇರಿಯವರೆಂದು ನಾವು ಕೇಳುವುದೂ ಇಲ್ಲ, ಕೇಳದೆಯೇ ನಮಗೆ ಗೊತ್ತು. ಮನುಷ್ಯರಿಂದ ಮಲ ಹೊರಿಸಬಾರದೆಂದು 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೂ ಬಿಗಿಯಾದದ್ದು. ನಮ್ಮ ಲಜ್ಜೆ ಉಳಿಸಲು ಇನ್ನೊಬ್ಬರ ಮಾನವನ್ನು ತೆರಬಹುದೆ?

ನನ್ನ ಓಟು ಪುಟ್ಟ ಗುದ್ದಲಿಗೆ. ನೀರಿನಿಂದ 200 ಅಡಿ ದೂರ, 6ರಿಂದ 8 ಅಂಗುಲ ಆಳದ ಗುಂಡಿ, ಮೇಲೆ ಮರೆ-ಡೇರೆ, ಆಮೇಲೆ ಅವರವರೇ ಎಳೆಯುವ ಮಣ್ಣು. ಪ್ಯಾಡುಗಳನ್ನು ಮಾತ್ರ ಹೂಳದೆ ಊರಿಗೇ ತರಬೇಕು. ಬಂಡೆನೆಲವಾದರೆ, ಮಂಡಿನೋವಿನವರಿದ್ದರೆ, ಒಬ್ಬಳೇ ಎತ್ತಬಲ್ಲ ಚಿಕ್ಕ ಪೆಟ್ಟಿಗೆ. ತಂದು ನಮ್ಮ ಮನೆಯ ಕಕ್ಕಸಿಗೇ ಸುರಿಯುವುದು.

“ಅದನ್ನು ಕಾರಿನಲ್ಲಿ ಜೊತೆಗಿಟ್ಟುಕೊಂಡು ಬರುವುದೇನೇ?” ಎಂದು ಅತ್ತಿಗೆ ಮೂಗು ಮುಚ್ಚಿಕೊಂಡರು.

“ಮುಚ್ಚಳ ಭದ್ರವಾಗಿದೆ, ಅತ್ತಿಗೆ.”