ಇಳಿವಯಸ್ಸಿಗೆ ಇನ್ನೇಕೆ ಪಾಠ?

ಕಳೆದ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದ ಹಿರಿಯರಿಗಾಗಿ ಐದು ಭಾನುವಾರ ಸಂಜೆ ಉಪನ್ಯಾಸಗಳನ್ನು ಏರ್ಪಡಿಸಿದ್ದೆವು. ಸಕ್ಕರೆ ಕಾಯಿಲೆಯ ಬಗ್ಗೆ ಒಬ್ಬ ವೈದ್ಯರು, ಹೆತ್ತವರ ಮತ್ತು ಹಿರಿಯರ ಪಾಲನೆಗಾಗಿ ೨೦೦೭ರಲ್ಲಿ ಬಂದ ಕಾಯಿದೆಯ ಬಗ್ಗೆ ಒಬ್ಬ ವಕೀಲರು, ಹಳೆಯ ಒಡಂಬಡಿಕೆಯ ಬಗ್ಗೆ ಗುರುಮಠದ ಪ್ರಾಧ್ಯಾಪಕರೊಬ್ಬರು ಮಾತನಾಡಿದರು. ಎರಡನೆಯ ಸಂಜೆ ಸಭೆ ಮುಗಿದಾಗ, ಎಪ್ಪತ್ತೆಂಟು ವರ್ಷದ ಒಬ್ಬ ತಾಯಿಯನ್ನು ಕರೆದೊಯ್ಯಲು ಅವರ ಮಗ ಸ್ಕೂಟರಿನಲ್ಲಿ ಬಂದಿದ್ದರು. ಮೆಟ್ಟಿಲ ಬಳಿ ನನ್ನನ್ನು ಕಂಡು, "ಫಾದರ್, ಈ ವಯಸ್ಸಿನಲ್ಲಿ ಅಮ್ಮನಿಗೆ ಇದೆಲ್ಲ ಯಾಕೆ? ಜಪಸರ ಮಾಡಿಕೊಂಡು ಮನೆಯಲ್ಲಿ ಆರಾಮಾಗಿದ್ದರೆ ಸಾಲದೇ?" ಎಂದು ಕೇಳಿದರು.

ಅವರು ಒಳ್ಳೆಯ ಮಗ. ತಾಯಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವವರು, ಭಾನುವಾರದ ಪೂಜೆಗೆ ತಪ್ಪದೆ ಕರೆತರುವವರು. ಪ್ರೀತಿಯಿಂದಲೇ ಆಡಿದ ಮಾತದು. ಆ ತಾಯಿ ಏನೂ ಹೇಳಲಿಲ್ಲ; ಸೆರಗಿನಿಂದ ಕನ್ನಡಕ ಒರೆಸುತ್ತ ನಿಂತಿದ್ದರು. ನಾನೂ ನಕ್ಕು ಮಾತು ತೇಲಿಸಿಬಿಟ್ಟೆ. ಆ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆ ಒಂದು ಮನೆಯದಲ್ಲ, ನಮ್ಮೆಲ್ಲರ ಮನೆಯದು.

ಕಲಿಯುವುದು ಏತಕ್ಕಾಗಿ? ನಮ್ಮ ಮಕ್ಕಳನ್ನು ಕೇಳಿದರೆ ಅಂಕಗಳಿಗಾಗಿ ಎನ್ನುತ್ತಾರೆ. ಅಂಕ ಸೀಟಿಗಾಗಿ, ಸೀಟು ಕೆಲಸಕ್ಕಾಗಿ, ಕೆಲಸ ಸಂಬಳಕ್ಕಾಗಿ. ಕಲಿಕೆಗೆ ಇಷ್ಟೇ ಅರ್ಥವಿದ್ದರೆ ಆ ಮಗ ಹೇಳಿದ್ದೇ ಸರಿ. ಸಂಬಳ ನಿಂತ ದಿನ ಕಲಿಕೆಯೂ ನಿಲ್ಲಬೇಕು. ಆದರೆ ಮನುಷ್ಯರೆಲ್ಲರಲ್ಲೂ ಅರಿಯುವ ಆಸೆ ಸ್ವಭಾವದಿಂದಲೇ ಇದೆ ಎಂದು ಅರಿಸ್ಟಾಟಲ್ ಬಹಳ ಹಿಂದೆಯೇ ಹೇಳಿದ್ದಾನೆ. ಸ್ವಭಾವದಿಂದ ಬಂದದ್ದು ನೇಮಕಾತಿ ಪತ್ರದ ಜೊತೆ ಬರುವುದಿಲ್ಲ, ನಿವೃತ್ತಿಯ ಹಾರದ ಜೊತೆ ಹೋಗುವುದೂ ಇಲ್ಲ. ಸಂತ ತೋಮಸ್ ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಮನುಷ್ಯನ ಪರಮ ಸುಖವೆಂದರೆ ದೇವರನ್ನು ಮುಖಾಮುಖಿ ಕಾಣುವುದು, ಅರಿಯುವುದು. ಅಲ್ಲಿಯವರೆಗೆ ಅವನು ದಾರಿಯಲ್ಲಿರುವ ಯಾತ್ರಿಕ ಎನ್ನುತ್ತಾರೆ. ಯಾತ್ರಿಕನಿಗೆ ವಯಸ್ಸಾಗಬಹುದು, ಯಾತ್ರೆ ಮುಗಿದಿರುವುದಿಲ್ಲ. "ಈ ವಯಸ್ಸಿನಲ್ಲಿ ಯಾಕೆ?" ಎಂಬ ಮಾತಿನಲ್ಲಿ ಅಡಗಿರುವ ತಪ್ಪು ಇದೇ. ಇನ್ನೂ ನಡೆಯುತ್ತಿರುವವರನ್ನು ನಾವು ತಲುಪಿಯಾಯಿತು, ಮುಗಿದುಹೋಯಿತು ಎಂದು ಎಣಿಸಿಬಿಡುತ್ತೇವೆ.

ಹಾಗಾದರೆ ಜಪಸರ ಸಾಲದೇ? ಸಂತ ಇಗ್ನೇಷಿಯಸ್ ಲೊಯೋಲರ ಜೀವನವನ್ನು ನೋಡಿ. ೧೫೨೪ರಲ್ಲಿ, ಮೂವತ್ತು ದಾಟಿದ ಮೇಲೆ, ಯುದ್ಧದಲ್ಲಿ ಕಾಲಿಗೆ ಗಾಯವಾಗಿದ್ದ ಈ ಮಾಜಿ ಯೋಧ ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯತೊಡಗಿದರು. ಪಾಠ ಬಾಯಿಪಾಠ ಮಾಡಲು ಕುಳಿತಾಗಲೆಲ್ಲ ಅವರಿಗೆ ಹೊಸ ಹೊಸ ಭಕ್ತಿಭಾವಗಳು ಉಕ್ಕಿ ಬರುತ್ತಿದ್ದವು. ಪ್ರಾರ್ಥನೆಯಲ್ಲಿದ್ದಾಗ ಇಷ್ಟು ಬಾರದ ಸವಿ ವ್ಯಾಕರಣದ ಹೊತ್ತಿನಲ್ಲೇ ಏಕೆ ಬರಬೇಕು ಎಂದು ಅವರು ಯೋಚಿಸಿದರು. ಇದು ಶೋಧನೆ ಎಂದು ಕಂಡುಕೊಂಡರು. ಗುರುವಿನ ಬಳಿ ಹೋಗಿ, ಇನ್ನು ಪಾಠಕ್ಕೆ ಕಿವಿಗೊಡುವೆನೆಂದು ಮಾತು ಕೊಟ್ಟರು. ಭಕ್ತಿ ಕಲಿಕೆಗೆ ಬದಲಿಯಲ್ಲ, ಕಲಿಕೆ ಭಕ್ತಿಗೆ ವೈರಿಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಸಂತ ಪೌಲರೂ ಸೆರೆಯಲ್ಲಿ ಸಾವನ್ನು ಎದುರು ನೋಡುತ್ತ ತಿಮೊಥೇಯನಿಗೆ ಬರೆದ ಪತ್ರದಲ್ಲಿ, ಬರುವಾಗ ತಮ್ಮ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಬೇಕೆಂದು ಕೇಳಿಕೊಳ್ಳುತ್ತಾರೆ. ಚಳಿಗೆ ಮೇಲಂಗಿ ಸರಿ. ಸಾಯಲಿರುವವರಿಗೆ ಪುಸ್ತಕವೇಕೆ? ಪೌಲರು ಹಾಗೆ ಯೋಚಿಸಲಿಲ್ಲ.

ನಮ್ಮ ಕಾಲದಲ್ಲೂ ಅಂಥವರಿದ್ದಾರೆ. ಕೆನ್ಯಾ ದೇಶದಲ್ಲಿ ೨೦೦೩ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾಯಿತು. ಮರುವರ್ಷ ಕಿಮಾನಿ ಮಾರುಗೆ ಎಂಬ ೮೪ ವರ್ಷದ ರೈತ ಸಮವಸ್ತ್ರ ತೊಟ್ಟು, ಎಲ್ಡೊರೆಟ್ ಎಂಬಲ್ಲಿ ಒಂದನೆಯ ತರಗತಿಗೆ ಸೇರಿದರು. ಬೋಧಕರು ಹೇಳುವುದು ಬೈಬಲಿನಲ್ಲಿ ನಿಜವಾಗಿ ಇದೆಯೇ ಎಂದು ತಾವೇ ಓದಿ ತಿಳಿಯಬೇಕೆಂಬುದು ಅವರ ಆಸೆಯಾಗಿತ್ತು. (ಬೋಧಿಸುವ ನಮ್ಮಂಥವರಿಗೆ ಇದರಲ್ಲಿ ಒಂದು ಎಚ್ಚರಿಕೆಯೂ ಇದೆ!) ೨೦೦೯ರ ಮೇ ತಿಂಗಳಲ್ಲಿ ಅವರು ನೈರೋಬಿಯ ಕಥೋಲಿಕ ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆದು ಸ್ಟೀಫನ್ ಎಂಬ ಹೆಸರು ತಳೆದರು, ಅದೇ ಆಗಸ್ಟಿನಲ್ಲಿ ತೀರಿಕೊಂಡರು. ನಮ್ಮ ನೆರೆಯ ಕೇರಳದಲ್ಲಿ ಆಲಪ್ಪುಳದ ಕಾರ್ತ್ಯಾಯಿನಿ ಅಮ್ಮ ೨೦೧೮ರಲ್ಲಿ, ೯೬ರ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ ೯೮ ಅಂಕ ಪಡೆದರು.

ಓದು ಬಲ್ಲ ಹಿರಿಯರಿಗೂ ಇದು ಬೇಕು. ಫ್ರಾನ್ಸಿನ ಟುಲೂಸ್ ನಗರದಲ್ಲಿ ೧೯೭೩ರಲ್ಲಿ ಪಿಯೆರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕರು 'ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ'ವನ್ನು ಆರಂಭಿಸಿ, ನಿವೃತ್ತರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದರು. ಇಂಗ್ಲೆಂಡಿನಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ಇದು ಕೇಂಬ್ರಿಜ್‌ನಿಂದ ಮೊದಲಾಗಿ ಇನ್ನೊಂದು ರೂಪ ತಳೆಯಿತು. ಅಲ್ಲಿ ಹಿರಿಯರೇ ಹಿರಿಯರಿಗೆ ಕಲಿಸುತ್ತಾರೆ. ಸೇರಲು ಅರ್ಹತೆ ಕೇಳುವುದಿಲ್ಲ, ಪರೀಕ್ಷೆಯಿಲ್ಲ, ಸರ್ಟಿಫಿಕೇಟೂ ಇಲ್ಲ. ಅರಿಯುವ ಸಂತೋಷವೇ ಫಲ.

ಇಷ್ಟೆಲ್ಲ ಬರೆದ ಮೇಲೆ ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಪ್ರಾಮಾಣಿಕತೆಯಾಗದು. ಮೂರನೆಯ ಸಂಜೆ ಪ್ರಾಧ್ಯಾಪಕರು ಪ್ರವಾದಿ ಯೋನನ ಗ್ರಂಥವನ್ನು ವಿವರಿಸಿದರು. ಇದನ್ನು ನಡೆದ ಘಟನೆಯ ವರದಿಯೆಂದು ಓದಬೇಕಾಗಿಲ್ಲ. ಯೇಸುಸ್ವಾಮಿ ಹೇಳಿದ ಸಾಮತಿಗಳಂತೆ ಇದೂ ಒಂದು ಬೋಧಪ್ರದ ಕಥೆಯೆಂದು ಇಂದಿನ ಬಹುಪಾಲು ವಿದ್ವಾಂಸರು ಭಾವಿಸುತ್ತಾರೆ ಎಂದರು. ಗ್ರಂಥದ ಸಾಹಿತ್ಯ ಪ್ರಕಾರವನ್ನು ಗಮನಿಸಿ ಅರ್ಥ ಹುಡುಕಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ೧೯೬೫ರಲ್ಲೇ ಕಲಿಸಿದೆ. ಆದರೆ ಮರುದಿನ ಬೆಳಗಿನ ಪೂಜೆಯ ನಂತರ ಅದೇ ತಾಯಿ ನನ್ನ ಬಳಿ ಬಂದರು. "ಸ್ವಾಮಿ, ರಾತ್ರಿ ನಿದ್ದೆ ಬರಲಿಲ್ಲ. ಮೀನು ನುಂಗಲಿಲ್ಲ ಅಂದರೆ ನಾನು ಇಷ್ಟು ವರ್ಷ ನಂಬಿದ್ದು ಏನು?" ಎಂದರು.

ನನ್ನ ಮನಸ್ಸಿಗೆ ಮೊದಲು ಬಂದದ್ದು ಅವರ ಮಗನ ಮಾತು. ಈ ವಯಸ್ಸಿನಲ್ಲಿ ಇವರನ್ನು ಕಲಕಬಾರದಿತ್ತು ಅನ್ನಿಸಿತು. "ಅಮ್ಮ, ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ. ನೀವು ನಂಬಿದಂತೆಯೇ ನಂಬಿ" ಎಂದು ಬೆನ್ನು ತಟ್ಟಿ ಕಳುಹಿಸಲು ಹೊರಟೆ. ಅವರು ಹೋಗಲಿಲ್ಲ. "ನನಗೆ ಸಮಾಧಾನ ಬೇಡ ಸ್ವಾಮಿ. ಅರ್ಥ ಹೇಳಿ" ಎಂದರು.

ಒಂದು ಮಗು ಈ ಪ್ರಶ್ನೆ ಕೇಳಿದ್ದರೆ ನಾನು ಕುಳಿತು ವಿವರಿಸುತ್ತಿದ್ದೆ. ಯುವಕನೊಬ್ಬ ಕೇಳಿದ್ದರೆ ವಾದಿಸುತ್ತಿದ್ದೆ. ಎಪ್ಪತ್ತೆಂಟರ ತಾಯಿ ಕೇಳಿದಾಗ ಬೆನ್ನು ತಟ್ಟಿದೆ. ದಯೆಯೆಂದು ನಾನು ತಿಳಿದದ್ದು ದಯೆಯಾಗಿರಲಿಲ್ಲ. ಸತ್ಯವನ್ನು ತಾಳುವ ಶಕ್ತಿ ಇವರಿಗಿಲ್ಲ ಎಂಬ ತೀರ್ಪಾಗಿತ್ತು. ಗಂಡನನ್ನು ಮಣ್ಣು ಮಾಡಿದವರು, ಹೆತ್ತ ಒಬ್ಬ ಮಗಳನ್ನು ಕಳೆದುಕೊಂಡವರು ಒಂದು ಮೀನಿನ ವಿಷಯವನ್ನು ತಾಳಲಾರರೇ?

ಅಂದು ನಾವಿಬ್ಬರೂ ಚರ್ಚಿನ ಬೆಂಚಿನ ಮೇಲೆ ಕುಳಿತು ಯೋನನ ನಾಲ್ಕು ಅಧ್ಯಾಯಗಳನ್ನೂ ಓದಿದೆವು. ಮೀನಿನ ಭಾಗ ಬೇಗನೆ ಮುಗಿಯಿತು. ಕೊನೆಯ ಅಧ್ಯಾಯದಲ್ಲಿ ಯೋನ ಸಿಟ್ಟಾಗಿ ಕುಳಿತಿದ್ದಾನೆ. ತನ್ನ ಶತ್ರುಗಳಾದ ನಿನೆವೆಯ ಜನರನ್ನು ದೇವರು ಕ್ಷಮಿಸಿದ್ದೇ ಅವನ ಸಿಟ್ಟಿಗೆ ಕಾರಣ. ಎಡಬಲ ತಿಳಿಯದ ಲಕ್ಷಕ್ಕೂ ಮಿಕ್ಕಿದ ಜನ, ಜೊತೆಗೆ ಅಷ್ಟೊಂದು ದನಕರುಗಳಿರುವ ಊರಿನ ಮೇಲೆ ತಾನು ಕನಿಕರ ಪಡಬಾರದೇ ಎಂದು ದೇವರು ಕೇಳುತ್ತಾರೆ. ಯೋನ ಏನೆಂದು ಉತ್ತರಿಸಿದ ಎಂಬುದನ್ನು ಗ್ರಂಥ ಹೇಳುವುದಿಲ್ಲ, ಪ್ರಶ್ನೆಯಲ್ಲೇ ಮುಗಿಯುತ್ತದೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಚಿಕ್ಕವಳಿಂದ ಮೀನನ್ನೇ ನೋಡುತ್ತಿದ್ದೆ ಸ್ವಾಮಿ. ಇದನ್ನು ನೋಡಿಯೇ ಇರಲಿಲ್ಲ" ಎಂದರು. ಜಮೀನಿನ ಪಾಲಿನ ವಿಷಯದಲ್ಲಿ ಹನ್ನೊಂದು ವರ್ಷಗಳಿಂದ ಸ್ವಂತ ತಂಗಿಯೊಡನೆ ಮಾತು ಬಿಟ್ಟಿದ್ದೇನೆ ಎಂದೂ ಹೇಳಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ತಂಗಿಯೊಡನೆ ಮಾತಾಡಿದರೋ ಇಲ್ಲವೋ, ನಾನು ಕೇಳಿಲ್ಲ. ಕಲಿತದ್ದು ಹೃದಯಕ್ಕೆ ಇಳಿಯಲು ಅದರದೇ ಸಮಯ ಬೇಕು.

ಎಲ್ಲ ತಿಳಿವಳಿಕೆಯೂ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಬರಿಯ ಕುತೂಹಲ ಬೇರೆ, ಶ್ರದ್ಧೆಯ ಕಲಿಕೆ ಬೇರೆ ಎಂದು ಸಂತ ತೋಮಸರೇ ಎಚ್ಚರಿಸಿದ್ದಾರೆ. ಇಂದು ನಮ್ಮ ಅಜ್ಜ ಅಜ್ಜಿಯರ ಕೈಯಲ್ಲೂ ಮೊಬೈಲ್ ಇದೆ. ದಿನವಿಡೀ ಸುಳ್ಳು ಔಷಧ, ಸುಳ್ಳು ಪವಾಡ, ಅನ್ಯಧರ್ಮದವರ ಬಗ್ಗೆ ಸುಳ್ಳು ಸುದ್ದಿ ಅದರಲ್ಲಿ ಬರುತ್ತದೆ. ನಾವು ಕಲಿಸದೆ ಬಿಟ್ಟ ಹಿರಿಯರು ಕಲಿಯದೆ ಉಳಿಯುವುದಿಲ್ಲ. ಬೇರೆ ಯಾರೋ ಅವರಿಗೆ ಕಲಿಸುತ್ತಾರೆ.

ತಂದೆತಾಯಿಯರನ್ನು ಗೌರವಿಸಬೇಕೆಂಬುದು ದೇವರ ನಾಲ್ಕನೆಯ ಆಜ್ಞೆ. ಅನ್ನ, ಬಟ್ಟೆ, ಮಾತ್ರೆಗಳಲ್ಲಿ ಆ ಗೌರವ ಮುಗಿಯಿತೇ? ಅವರ ಪ್ರಶ್ನೆಗೂ ಗೌರವ ಬೇಡವೇ? ಜಗದ್ಗುರು ಫ್ರಾನ್ಸಿಸರು ೨೦೨೧ರಿಂದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನವಾಗಿ ಧರ್ಮಸಭೆಗೆ ಕೊಟ್ಟಿದ್ದಾರೆ. ಅಂದು ಶಾಲು ಹೊದಿಸಿ ಫೋಟೋ ತೆಗೆದು ಕಳುಹಿಸುವುದರ ಜೊತೆಗೆ ಪ್ರತಿ ಧರ್ಮಕೇಂದ್ರದಲ್ಲೂ ಒಂದು ಪಾಠ ಆರಂಭವಾಗಲಿ. ಖರ್ಚು ದೊಡ್ಡದಲ್ಲ. ಕತ್ತಲಾಗುವ ಮೊದಲೇ ಮುಗಿಯಲಿ, ಕುರ್ಚಿಗೆ ಬೆನ್ನಿರಲಿ, ಮೈಕು ಸರಿಯಿರಲಿ, ಅಕ್ಷರ ದಪ್ಪಗಿರಲಿ. ಉಪನ್ಯಾಸದಷ್ಟೇ ಸಮಯ ಪ್ರಶ್ನೆಗಳಿಗೂ ಇರಲಿ. ಹಿರಿಯರೇ ಪಾಠ ಮಾಡುವ ದಿನವೂ ಇರಲಿ: ನಿವೃತ್ತ ನರ್ಸ್, ರೈತ, ಬಡಗಿ, ಎಲ್ಲರಲ್ಲೂ ಹೇಳಿಕೊಡುವುದು ಬೇಕಾದಷ್ಟಿದೆ.

ನಿಕೊದೇಮ ರಾತ್ರಿಯಲ್ಲಿ ಪ್ರಭುವಿನ ಬಳಿಗೆ ಬಂದ. ಅವನೇ ಇಸ್ರಯೇಲಿನ ಬೋಧಕ. ಮುದುಕನಾದ ಮೇಲೆ ಮತ್ತೆ ಹುಟ್ಟುವುದು ಹೇಗೆ ಎಂದು ಕೇಳಿದ. ನಿನಗೆ ವಯಸ್ಸಾಯಿತು, ಮನೆಗೆ ಹೋಗಿ ಪ್ರಾರ್ಥನೆ ಮಾಡು ಎಂದು ಪ್ರಭು ಅವನನ್ನು ಕಳುಹಿಸಲಿಲ್ಲ. ಆ ರಾತ್ರಿ ಕುಳಿತು ಅವನಿಗೆ ಪಾಠ ಹೇಳಿದರು. ಶಿಷ್ಯರು ಚದುರಿಹೋದ ಶುಭಶುಕ್ರವಾರದಂದು ಸುಗಂಧದ್ರವ್ಯ ಹೊತ್ತು ಶಿಲುಬೆಯ ಬಳಿ ಬಂದವರಲ್ಲಿ ಆ ರಾತ್ರಿಯ ವಿದ್ಯಾರ್ಥಿಯೂ ಒಬ್ಬ.

ಐದನೆಯ ಸಂಜೆ ಆ ಮಗ ಸ್ವಲ್ಪ ಬೇಗನೇ ಬಂದಿದ್ದರು. ಸ್ಕೂಟರ್ ನಿಲ್ಲಿಸಿ, ಒಳಗೆ ಬಂದು, ಹಿಂದಿನ ಸಾಲಿನಲ್ಲಿ ಕುಳಿತರು.