ಎಷ್ಟೆಂದು ಕೇಳದ ಕಾನೂನು

ಬೀದರಿನ ಗಡಿಯಾಚೆ, ತೆಲಂಗಾಣದ ಕೊಹೀರಿನ ಪೇರಲ ತೋಟಗಳಲ್ಲಿ ಬೆಳಕು ಹರಿಯುವ ಮೊದಲೇ ಮೋಟಾರುಗಳು ಓಡುತ್ತಿರುತ್ತವೆ. 2018ರ ಜನವರಿಯಿಂದ ತೆಲಂಗಾಣದ ರೈತರಿಗೆ ಹಗಲಿರುಳೂ ಕರೆಂಟು, ಅದೂ ಪುಕ್ಕಟೆ. ನೀರಿನ ಕಾನೂನು ಓದಲು ಇದಕ್ಕಿಂತ ತಕ್ಕ ಜಾಗ ಸಿಗಲಿಕ್ಕಿಲ್ಲ.

1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿನ ಕೆಳಗೆ ಒಂದು ಸಣ್ಣ ದೃಷ್ಟಾಂತವಿದೆ. ಗೊತ್ತಾದ ಹರಿವಿಲ್ಲದೆ ನೆಲದೊಳಗಿರುವ ನೀರನ್ನು ಆ ನೆಲದ ಒಡೆಯ ತನ್ನ ಎಲ್ಲೆಯೊಳಗೆ ತೆಗೆದುಕೊಳ್ಳಬಹುದು ಎಂಬುದು ಅದರ ಸಾರ. ಎಷ್ಟು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಇದು ದುರಾಸೆಗೆ ಬರೆದುಕೊಟ್ಟ ಸನ್ನದು ಅನಿಸಬಹುದು. ಆದರೆ ಆ ಕಾಲದಲ್ಲಿ ಬಾವಿಯ ನೀರು ಮೇಲೆ ಬರುತ್ತಿದ್ದದ್ದು ಎತ್ತಿನ ಹೆಗಲಿನಿಂದ. ಕಪಿಲೆ ಎಳೆಯುವ ಎತ್ತು ಬಿಸಿಲೇರಿದರೆ ನಿಲ್ಲುತ್ತಿತ್ತು. ನೊಗ ಇಳಿಸಬೇಕು, ಮೇವು ಹಾಕಬೇಕು. ಕಾಯ್ದೆ ಬರೆಯದೆ ಬಿಟ್ಟ ಮಿತಿಯನ್ನು ಎತ್ತು ಕಾಯುತ್ತಿತ್ತು.

ಕೊಹೀರು, ಬೀದರ್ ಇರುವ ಈ ಸೀಮೆಯ ಕೆಂಪು ಜಂಬಿಟ್ಟಿಗೆ ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರಡಿಯ ಜೇಡಿ, ಕರಿಕಲ್ಲು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಾಗೆ ತಡೆದ ನೀರೇ ಬೀದರಿನಲ್ಲಿ ನಾನಕ್ ಝರಾ, ನರಸಿಂಹ ಝರಣಿಯಾಗಿ ಹೊರಬರುತ್ತದೆ. ನೌಬಾದಿನಲ್ಲಿ ಸುರಂಗ ಬಾವಿ ತೋಡಿದವರು ನಂಬಿದ್ದೂ ಅದನ್ನೇ. ಅದು ಯಾವ ಸರ್ವೆ ನಂಬರಿನ ನೀರು? ಒಬ್ಬರ ಬೋರು ಆಳಕ್ಕಿಳಿದರೆ ಪಕ್ಕದವರ ತೆರೆದ ಬಾವಿಯ ತಳ ಕಾಣುತ್ತದೆ. 1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲೇ ಇದ್ದವು. ಈಗ ಅತ್ತ ಕರ್ನಾಟಕದ 2011ರ ಅಂತರ್ಜಲ ಕಾಯ್ದೆ, ಇತ್ತ ತೆಲಂಗಾಣದಲ್ಲಿ 2002ರ ‘ವಾಲ್ಟಾ’ ಕಾಯ್ದೆ. ಕಲ್ಲು ಒಂದೇ.

ನೀರು, ನೆಲ, ಮರ ಮೂರನ್ನೂ ಒಂದೇ ಹೆಸರಿನಲ್ಲಿ ಕಟ್ಟಿದ ವಾಲ್ಟಾ ನನಗೆ ಇಷ್ಟ, ಹೆಸರಿನ ಮಟ್ಟಿಗಾದರೂ. ಬಾವಿ ನೋಂದಾಯಿಸಬೇಕು, ಹೊಸದಕ್ಕೆ ಅನುಮತಿ ಬೇಕು, ಊರಿನ ಕುಡಿಯುವ ನೀರಿನ ಬಾವಿಯ ಸುತ್ತ 250 ಮೀಟರಿನೊಳಗೆ ಕೊರೆಯಲು ಕಡಿವಾಣ. ತೀರಾ ಬತ್ತಿದ ಕಡೆ ನೀರೆತ್ತುವುದನ್ನೇ ಕೆಲಕಾಲ ನಿಲ್ಲಿಸುವ ಅಧಿಕಾರವೂ ಉಂಟು. ಆದರೆ ಸಾಲ ಮಾಡಿ ಬೋರು ಹಾಕಿಸಿದವರ ಮೋಟಾರಿಗೆ, ಬೆಳೆ ನಿಂತಿರುವಾಗ, ಬೀಗ ಹಾಕಲು ಯಾವ ಅಧಿಕಾರಿಗೆ ಮನಸ್ಸು ಬಂದೀತು? ಬರಬಾರದು ಎಂದೇ ನನಗನಿಸುತ್ತದೆ.

ದಿನವಿಡೀ ಕರೆಂಟು ಕೊಟ್ಟ ಸರಕಾರವೇ ರೈತರಲ್ಲಿ ಒಂದು ಮಾತು ಕೇಳಿಕೊಂಡಿತು: ಆಟೋ ಸ್ಟಾರ್ಟರ್ ತೆಗೆದುಬಿಡಿ. ಅದಿದ್ದರೆ ಕರೆಂಟು ಬಂದೊಡನೆ ಮೋಟಾರು ತಾನೇ ಎದ್ದು, ಯಜಮಾನ ನಿದ್ದೆಯಲ್ಲಿದ್ದಾಗಲೂ ನೀರೆತ್ತುತ್ತದೆ. ತೆಗೆದರೆ ಯಾರಾದರೂ ಹೊಲದ ತನಕ ನಡೆದುಹೋಗಿ ಗುಂಡಿ ಒತ್ತಬೇಕು. ಕಾಯ್ದೆಯ ಕಲಮುಗಳಿಗಿಂತ ಈ ಕೋರಿಕೆಯೇ ಎತ್ತಿನ ಹತ್ತಿರ ಬಂದದ್ದು.